ಹಂದಿ ನೆಣದಿಂದ ಕೋವಿ ಎಣ್ಣೆ: ನಾನು ಮಾಡೋ ರೀತಿ

ಕೊಡಗಿನ ಮಳೆಗಾಲದಲ್ಲಿ ಕಬ್ಬಿಣದ್ದು ಏನಿದ್ರೂ ತುಕ್ಕು ಹಿಡಿಯುತ್ತೆ, ಕೋವಿ ಅಂತೂ ಕೇಳೋದೇ ಬೇಡ. ನಮ್ಮನೇಲಿ ಲೈಸೆನ್ಸ್ ವಿನಾಯಿತಿ ಪತ್ರ ಇರೋ ಹಳೇ ಕೇಪಿನ ಕೋವಿಗೆ (ಬಾಯಿಂದ ಕರಿಮದ್ದು ತುಂಬಿ, ಕೇಪು ಅನ್ನೋ ಸಣ್ಣ ಸಿಡಿಮದ್ದಿನ ಟೋಪಿ ಬಡಿದು ಹಾರಿಸೋದು) ನಾನು ಹಾಕೋದು ಹಂದಿ ನೆಣ ಕರಗಿಸಿ ನಾನೇ ತೆಗೆದ ಎಣ್ಣೆ. ತೋಟೆ (ಕಾರ್ಟ್ರಿಜ್) ಹಾಕೋ ಕೋವಿಗೆ ಅಂಗಡಿ ಗನ್ ಆಯಿಲೇ ಸರಿ, ಆದ್ರೆ ಕರಿಮದ್ದು ಹಾಕೋ ನಳಿಗೆಗೆ ಪೆಟ್ರೋಲಿಯಂ ಎಣ್ಣೆ ಬಳಿದ್ರೆ ಮದ್ದು ಉರಿದ ಮಸಿ ಜೊತೆ ಸೇರಿ ಟಾರಿನ ಥರ ಅಂಟಿಕೊಳ್ಳುತ್ತೆ, ಕೊಬ್ಬಿನೆಣ್ಣೆ ಇದ್ರೆ ಅದೇ ಮಸಿ ಮೆತ್ತಗೆ ಇರುತ್ತೆ, ಬಿಸಿನೀರಲ್ಲಿ ಬಟ್ಟೆ ಅದ್ದಿ ಎಳೆದ್ರೆ ಬಂದ್ಬಿಡುತ್ತೆ. ತೆಂಗಿನೆಣ್ಣೆ ಮಡಿಕೇರಿ ಚಳಿಗೆ ಕಲ್ಲಾಗುತ್ತೆ. ಅಗಸೆ ಎಣ್ಣೆ ಒಣಗಿ ಪೊರೆ ಕಟ್ಟುತ್ತೆ, ಮರದ ಹಿಡಿಗೆ ಚೆಂದ, ಲಾಕ್ ಅಂದ್ರೆ ಕೇಪು ಹೊಡೆಯೋ ಯಂತ್ರದ ಒಳಗೆ ಬೇಡ.

ಮಾಂಸದಂಗಡೀಲಿ ಮೂತ್ರಪಿಂಡದ ಸುತ್ತ ಇರೋ ನೆಣವನ್ನೇ ಕೇಳಿ ತಗೊಳ್ತೀನಿ, ಅದು ಬಿಳಿ, ವಾಸನೆ ಕಮ್ಮಿ. ಸಾಕಿದ ಹಂದಿದೇ ಸಾಕು. ಕಾಡುಹಂದಿ ಬೇಟೆಗೆ 1972ರ ವನ್ಯಜೀವಿ ಕಾಯ್ದೆ ಅಡ್ಡ ಬರುತ್ತೆ. ಉಪ್ಪು ಸೋಕಿದ ನೆಣ ಮಾತ್ರ ಯಾವ ಕಾರಣಕ್ಕೂ ಬೇಡ, ಉಪ್ಪು ಹೋದ ಕಡೆ ತುಕ್ಕೂ ಬರುತ್ತೆ. ಪಂದಿ ಕರಿ ಮೇಲೆ ತೇಲೋ ನೆಣ ತೆಗೆದು ಬಳಸಬಹುದಾ ಅಂತ ಕೇಳ್ತಾರೆ, ಖಂಡಿತ ಬೇಡ, ಅದರಲ್ಲಿ ಉಪ್ಪೂ ಇದೆ ಕಾಚಂಪುಳಿ ಅನ್ನೋ ಹುಳಿರಸನೂ ಇದೆ, ಹುಳಿ ಕಬ್ಬಿಣನ ತಿನ್ನುತ್ತೆ.

ಮಾಂಸದ ಎಳೆ, ರಕ್ತ ಎಲ್ಲ ಬಿಡಿಸಿ ಸಣ್ಣಗೆ ಹೆಚ್ಚಿ, ದಪ್ಪ ತಳದ ಪಾತ್ರೆಗೆ ಸ್ವಲ್ಪ ನೀರು ಹಾಕಿ ಸಣ್ಣ ಉರೀಲಿ ಇಡ್ತೀನಿ. ನೀರು ಯಾಕಂದ್ರೆ ಶುರೂಲಿ ತಳ ಹಿಡೀಬಾರ್ದು. ಹೊಗೆ ಬರೋಷ್ಟು ಕಾಯಿಸಲೇಬಾರ್ದು, ಸುಟ್ಟ ನೆಣದಲ್ಲಿ ಆಮ್ಲ ಜಾಸ್ತಿ ಆಗುತ್ತೆ. ಚೂರುಗಳು ಹೊಂಬಣ್ಣಕ್ಕೆ ತಿರುಗೋ ಹೊತ್ತಿಗೆ ಇಳಿಸಿ ಪಂಚೆ ಬಟ್ಟೇಲಿ ಸೋಸಿದ್ರೆ ಅಡುಗೆಗೆ ಅಷ್ಟೇ ಸಾಕು. ಕೋವಿಗೆ ಸಾಲದು.

ಆಮೇಲೆ ತೊಳೀಬೇಕು. ಸೋಸಿದ ನೆಣಕ್ಕೆ ಅಷ್ಟೇ ಶುದ್ಧ ನೀರು ಹಾಕಿ ಒಂದು ಕುದಿ ಕುದಿಸಿ ರಾತ್ರಿಯಿಡೀ ಬಿಟ್ರೆ ಮೇಲೆ ಬಿಳೀ ಬಿಲ್ಲೆ ಕಟ್ಟುತ್ತೆ, ಕೆಳಗಡೆ ನೀರಲ್ಲಿ ಕಲ್ಮಶ ಉಳಿಯುತ್ತೆ, ಬಿಲ್ಲೆ ಎತ್ತಿ ಅದರ ಅಡಿ ಕೆರೆದು, ನೀರು ತಿಳಿಯಾಗೋ ತನಕ ಮತ್ತೆ ಹೀಗೇ ಮಾಡೋದು. ಕೊನೇಲಿ ನೀರಿಲ್ದೆ ಸಣ್ಣ ಉರೀಲಿ ಇಟ್ಟು ಗುಳ್ಳೆ, ಚಟಪಟ ಸದ್ದು ಪೂರ್ತಿ ನಿಲ್ಲೋ ತನಕ ಕಾಯ್ತೀನಿ. ಇಲ್ಲಿ ಅವಸರ ಮಾಡಿ ಒಂದು ಹನಿ ನೀರು ಉಳಿಸಿದ್ರೆ ನಾವೇ ನಳಿಗೆಗೆ ತೇವ ಬಳಿದ ಹಾಗೆ.

ಎಣ್ಣೆ ಬೇರೆ ಮಾಡೋಕೆ ಡಿಸೆಂಬರ್ ಜನವರಿ ಚಳಿನೇ ಒಳ್ಳೇದು. ಕರಗಿದ ನೆಣನ ಕಂಬಳಿ ಸುತ್ತಿ ನಿಧಾನಕ್ಕೆ ಆರಕ್ಕೆ ಬಿಟ್ರೆ ಗಟ್ಟಿ ಭಾಗ ಕಾಳುಕಾಳಾಗುತ್ತೆ, ಬೆಳಗಿನ ಚಳೀಲೇ ಬಟ್ಟೆಗೆ ಹಾಕಿ ಕಲ್ಲು ಹೇರಿದ್ರೆ ತೆಳ್ಳನೆ ಎಣ್ಣೆ ಒಸರುತ್ತೆ. ಸಿಗೋದು ಕಮ್ಮಿನೇ, ಆದ್ರೆ ಚಳಿ ಒತ್ತಿ ತೆಗೆದ ಈ ಎಣ್ಣೆ ಆಮೇಲೆ ಬೇಗ ಹೆಪ್ಪುಗಟ್ಟಲ್ಲ, ಲಾಕಿನ ಸ್ಪ್ರಿಂಗಿಗೆ, ಕುದುರೆ (ಕೇಪಿಗೆ ಬಡಿಯೋ ಸುತ್ತಿಗೆ) ತಿರುಗೋ ಜಾಗಕ್ಕೆ ಒಂದೊಂದು ತೊಟ್ಟು ಸಾಕು. ಉಳಿದ ಗಟ್ಟಿ ನೆಣಕ್ಕೆ ಜೇನುಮೇಣ ಕರಗಿಸಿ ಬೆರೆಸಿದ್ರೆ ನಳಿಗೆ ಹೊರಗಡೆಗೆ ಮುಲಾಮು ಆಗುತ್ತೆ.

ಬಣ್ಣದ ಗಾಜಿನ ಸೀಸೇಲಿ ಬಾಯಿ ತನಕ ತುಂಬಿ ಕತ್ತಲಲ್ಲಿ ಇಡ್ತೀನಿ. ಕಮಟು ವಾಸನೆ ಬಂದ್ರೆ ಚೆಲ್ಲೋದೇ, ಹಿತ್ತಾಳೆ ಭಾಗಕ್ಕೆ ಹಸಿರು ಕಟ್ಟುತ್ತೆ.

ಆಯುಧ ಪೂಜೆಯ ಕೈಲ್ ಮುಹೂರ್ತ ಹಬ್ಬಕ್ಕೆ ಕೋವಿ ಬಾಯಿಗೆ ತೋಕ್ ಪೂ (ಕೋವಿ ಹೂವು) ಇಡೋ ದಿನ ಕೋವಿ ಹೊಳೀತಿದ್ರೆ ಖುಷಿ, ಆದ್ರೆ ಸುಗ್ಗಿ ಹಬ್ಬ ಹುತ್ತರೀಲಿ ಕದಿರು ತೆಗೆಯೋ ಹೊತ್ತಿಗೆ ಗುಂಡು ಹಾರಲೇಬೇಕಲ್ಲ, ಅದಕ್ಕೆ ಮದ್ದು ತುಂಬೋ ಮುಂಚೆ ನಳಿಗೆ ಒಳಗಿನ ಎಣ್ಣೆ ಒಣಬಟ್ಟೇಲಿ ಪೂರ್ತಿ ತೆಗೀತೀನಿ, ಇಲ್ಲಾಂದ್ರೆ ಮದ್ದು ನೆನೆದು ಕೇಪು ಮಾತ್ರ ಸದ್ದು ಮಾಡುತ್ತೆ. ಆಮೇಲೆ ಖಾಲಿ ಕೋವಿ ಬಾಯಿ ನೆಲದ ಹುಲ್ಲಿಗೆ ಹತ್ತಿರ ಹಿಡಿದು ಬರೀ ಕೇಪು ಹೊಡೀತೀನಿ, ಹುಲ್ಲು ಅಲ್ಲಾಡಿದ್ರೆ ಕೇಪಿಂದ ನಳಿಗೆಗೆ ಬೆಂಕಿ ಹೋಗೋ ದಾರಿ ಬಿಚ್ಚಿದೆ ಅಂತ, ಅಲ್ಲಾಡದಿದ್ರೆ ಎಣ್ಣೆ ಇನ್ನೂ ಒಳಗೇ ಇದೆ, ಮತ್ತೆ ಒರೆಸ್ಬೇಕು.