ಎಲೆಕ್ಟ್ರಾನ್ ಓಡುವ ಅಲ್ಯೂಮಿನಿಯಂ ಕೊಳವೆ ತಯಾರಾಗುವ ಬಗೆ

ಅಮೆರಿಕದ ಆರ್ಗಾನ್ (Argonne) ರಾಷ್ಟ್ರೀಯ ಪ್ರಯೋಗಾಲಯದ 'ಅಡ್ವಾನ್ಸ್ಡ್ ಫೋಟಾನ್ ಸೋರ್ಸ್'ನಲ್ಲಿ ಎಲೆಕ್ಟ್ರಾನ್‌ಗಳು ಅಯಸ್ಕಾಂತಗಳ ಕಿರಿದಾದ ಸಂದಿಯಲ್ಲಿ ಹಾದು ಎಕ್ಸ್-ಕಿರಣ ಹೊಮ್ಮಿಸುತ್ತವೆ. ಅಲ್ಲಿ ಅವು ಓಡುವುದು ಅಲ್ಯೂಮಿನಿಯಂನ ನಿರ್ವಾತ ಕೊಳವೆಯೊಳಗೆ. 2023ರಲ್ಲಿ ಯಂತ್ರದ ನವೀಕರಣ ಶುರುವಾಗುವವರೆಗೆ ಅಲ್ಲಿ ಹೆಚ್ಚಾಗಿ ಬಳಸಿದ ಕೊಳವೆಯ ಉದ್ದ ಸುಮಾರು 5 ಮೀಟರ್, ಒಳ ಎತ್ತರ 8 ಮಿ.ಮೀ., ಮೇಲೆ ಕೆಳಗೆ ಗೋಡೆಯ ದಪ್ಪ ತಲಾ 1 ಮಿ.ಮೀ. ಇತ್ತು. ಅಲ್ಯೂಮಿನಿಯಂ ಅಯಸ್ಕಾಂತಕ್ಕೆ ಸಿಕ್ಕುವುದಿಲ್ಲ, ಸ್ಟೇನ್‌ಲೆಸ್ ಸ್ಟೀಲಿಗಿಂತ ಹತ್ತಕ್ಕೂ ಹೆಚ್ಚು ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತದೆ.

ಮೊದಲ ಕೆಲಸ ಎಕ್ಸ್‌ಟ್ರೂಷನ್. ಬಿಸಿ ಮಾಡಿದ 6063 ಎಂಬ ಅಲ್ಯೂಮಿನಿಯಂ ಮಿಶ್ರಲೋಹವನ್ನು ಅಚ್ಚಿನ ಮೂಲಕ ಒತ್ತಿದರೆ ಎಲೆಕ್ಟ್ರಾನ್ ದಾರಿ, ಪಕ್ಕದ ಪಂಪ್ ಕೋಣೆ, ಎರಡನ್ನೂ ಸೇರಿಸುವ ಸೀಳು, ನೀರಿನ ರಂಧ್ರ ಎಲ್ಲವೂ ಒಂದೇ ತುಂಡಾಗಿ ಬರುತ್ತವೆ. ಒತ್ತುವಾಗ ಅಚ್ಚಿನ ತಿರುಳು ಕೊಂಚ ಸರಿದರೂ ರಂಧ್ರ ನಡುವಿನಿಂದ ಜರುಗುತ್ತದೆ. ಹಾಗಾಗಿ ಹೊರಮೈಯನ್ನು ನಂಬಿ ಮಿಲ್ಲಿಂಗ್ (ಯಂತ್ರದಲ್ಲಿ ಕೆತ್ತುವುದು) ಶುರು ಮಾಡಲೇಬಾರದು. ಉದ್ದಕ್ಕೂ ಅಲ್ಟ್ರಾಸಾನಿಕ್ ಮಾಪಕದಿಂದ ದಪ್ಪ ಅಳೆದು, ರಂಧ್ರವನ್ನೇ ಆಧಾರವಾಗಿಟ್ಟುಕೊಳ್ಳಬೇಕು. ಇಲ್ಲದಿದ್ದರೆ ಒಂದು ಕಡೆ 1.3, ಇನ್ನೊಂದು ಕಡೆ 0.7 ಮಿ.ಮೀ. ಉಳಿದೀತು. ಒಂದೇ ಬದಿಯನ್ನು ಪೂರ್ತಿ ಕೆತ್ತಿದರೆ ಒಳಗಿನ ಬಿಗಿತ ಸಡಿಲಗೊಂಡು ಇಡೀ ತುಂಡು ಬಾಗುತ್ತದೆ; ಎರಡೂ ಬದಿ ಸರದಿಯಲ್ಲಿ, ತೆಳುವಾಗಿ ತೆಗೆಯಬೇಕು. ಸಿಲಿಕೋನ್ ಅಥವಾ ಗಂಧಕವಿರುವ ಕಟಿಂಗ್ ಆಯಿಲ್ ಬೇಡ.

ನಂತರ ಬೆಚ್ಚಗಿನ ಮೃದು ಕ್ಷಾರದ ಡಿಟರ್ಜೆಂಟ್‌ನಲ್ಲಿ ತೊಳೆದು, ಡಿ-ಅಯನೈಸ್ಡ್ (ಲವಣಾಂಶ ತೆಗೆದ) ನೀರಿನಲ್ಲಿ ಜಾಲಿಸಿ, ಒಣ ನೈಟ್ರೋಜನ್ ಊದುವುದು. ಇಲ್ಲಿಂದ ಮುಂದೆ ಬರಿಗೈ ತಾಗಿಸುವಂತಿಲ್ಲ.

ಹೆಚ್ಚಿನ ಕೊಳವೆಗಳು ಕೆಡುವುದು ವೆಲ್ಡಿಂಗ್‌ನಲ್ಲಿ. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗಿದರೆ ಅದರ ಮೇಲಿನ ಆಕ್ಸೈಡ್ ಪದರ ಕರಗಲು 2,000 ಡಿಗ್ರಿ ದಾಟಬೇಕು. ಆದ್ದರಿಂದ ಪದರ ಒಡೆಯುವ ಎ.ಸಿ. ಟಿಗ್ (ಪರ್ಯಾಯ ವಿದ್ಯುತ್ತಿನಲ್ಲಿ ಟಂಗ್‌ಸ್ಟನ್ ಕಡ್ಡಿಯಿಂದ ಮಾಡುವ ಬೆಸುಗೆ) ಬೇಕು. ತೇವವಿದ್ದರೆ ಹೈಡ್ರೋಜನ್ ಕರಗಿದ ಲೋಹಕ್ಕೆ ಸೇರಿ, ಲೋಹ ಗಟ್ಟಿಯಾಗುವಾಗ ಸಣ್ಣ ಗುಳ್ಳೆಗಳಾಗಿ ಉಳಿಯುತ್ತದೆ. 6063 ಅನ್ನು ಫಿಲ್ಲರ್ (ಬೆಸುಗೆಗೆ ಸೇರಿಸುವ ಲೋಹ) ಇಲ್ಲದೆ ಬೆಸೆದರೆ ಬಿರುಕು ಬರುತ್ತದೆ; 4043 ಎಂಬ ಸಿಲಿಕಾನ್ ಬೆರೆತ ಅಲ್ಯೂಮಿನಿಯಂ ತಂತಿ ಹಾಕಿ, ಕೊನೆಯಲ್ಲಿ ಕರೆಂಟ್ ನಿಧಾನವಾಗಿ ಇಳಿಸಬೇಕು. ಪೂರ್ಣ ಬೆಸುಗೆ ನಿರ್ವಾತದ ಬದಿಗೆ ಮಾತ್ರ. ಹೊರಗೂ ಪೂರ್ತಿ ಬೆಸೆದರೆ ನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆ. ಅದು ತಿಂಗಳುಗಟ್ಟಲೆ ಒಳಕ್ಕೆ ಜಿನುಗುತ್ತಿದ್ದರೂ ಹೊರಗಿನಿಂದ ಹೀಲಿಯಂ ಊದಿ ಒಳಗೆ ಬರುತ್ತದೆಯೇ ಎಂದು ನೋಡುವ ಲೀಕ್ ಟೆಸ್ಟ್‌ಗೆ ಸಿಗುವುದಿಲ್ಲ.

ಲೀಕ್ ಟೆಸ್ಟ್ ಮುಗಿದ ಮೇಲೆ ಪಂಪ್ ಓಡುತ್ತಿರುವಾಗಲೇ 150 ಡಿಗ್ರಿಯಲ್ಲಿ ಬೇಕಿಂಗ್, ಒಳಗೋಡೆಗೆ ಅಂಟಿದ ನೀರು ಬಿಟ್ಟುಹೋಗಲೆಂದು. 5 ಮೀಟರ್ ಕೊಳವೆ ಆಗ ಸುಮಾರು 15 ಮಿ.ಮೀ. ಉದ್ದವಾಗುತ್ತದೆ. ಒಂದು ತುದಿ ಬಿಗಿದು, ಇನ್ನೊಂದನ್ನು ಜಾರುವಂತೆ ಬಿಡಬೇಕು. ಶಾಖ ಇನ್ನೂ ಏರಿಸಿದರೆ ಲೋಹದ ಗಡಸುತನ ಇಳಿಯುತ್ತದೆ. ಪಂಪ್ ಕೋಣೆಯಲ್ಲಿರುವ ಗೆಟರ್ ಪಟ್ಟಿಗಳಿಗೆ ಕರೆಂಟ್ ಹರಿಸಿ 450 ಡಿಗ್ರಿಗೆ ಕಾಯಿಸಿದಾಗ ಅವು ಅನಿಲ ಹೀರಲು ಸಿದ್ಧವಾಗುತ್ತವೆ.

ಒತ್ತಡ ನಿರೀಕ್ಷೆಯಷ್ಟು ಇಳಿಯದಿದ್ದರೆ ಉಳಿಕೆ ಅನಿಲದ ವಿಶ್ಲೇಷಕ ನೋಡಿ; ಅದು ಒಳಗುಳಿದ ಅನಿಲಗಳನ್ನು ಅವುಗಳ ಅಣುತೂಕದ ಗೆರೆಗಳಾಗಿ ತೋರಿಸುತ್ತದೆ. 18ರ ಗೆರೆ ಎತ್ತರವಿದ್ದರೆ ಅದು ನೀರು, ಬೇಕಿಂಗ್ ಸಾಲದು. 40ರ ಗೆರೆ ಎಂದರೆ ಗಾಳಿಯಲ್ಲಿರುವ ಆರ್ಗಾನ್ ಅನಿಲ. ಗೆಟರ್ ನೈಟ್ರೋಜನ್, ಆಕ್ಸಿಜನ್‌ಗಳನ್ನು ನುಂಗಿದರೂ ಆರ್ಗಾನ್ ಅನ್ನು ಹಿಡಿಯಲಾರದು. ಹಾಗಾಗಿ ಗಾಳಿಯ ಸೋರಿಕೆ ಮೊದಲು ಕಾಣುವುದೇ ಅಲ್ಲಿ.