ಬೆದೆಗೆ ಬರುವ ಮುಂಚೆಯೇ ಉಣುಗು ಜ್ವರದ ಪರೀಕ್ಷೆ
ಹೆಣ್ಣು ನಾಯಿಗೆ ಕ್ರಾಸ್ ಮಾಡಿಸುವ ಯೋಚನೆ ಇದ್ದರೆ, ಬೆದೆಗೆ ಬರುವ ಎರಡು ತಿಂಗಳು ಮುಂಚೆಯೇ ಉಣುಗು ಜ್ವರದ ರಕ್ತಪರೀಕ್ಷೆ ಮಾಡಿಸಿ. ಪ್ಲೇಟ್‌ಲೆಟ್ ಎಣಿಕೆಯೂ ಇರಲಿ. ನಮ್ಮ ತೀರ್ಥಹಳ್ಳಿ, ಹೊಸನಗರ ಕಡೆ ತೋಟ ಸುತ್ತುವ ನಾಯಿಗಳ ಕಿವಿ ಮಡಿಕೆ, ಬೆರಳ ಸಂದಿಯಲ್ಲಿ ಉಣುಗು ಇದ್ದೇ ಇರುತ್ತದೆ ಅಲ್ವಾ? ಉಣುಗಿನಿಂದ ಬರುವ ಈ ಜ್ವರದ ರೋಗಾಣು ಎರ್ಲಿಕಿಯಾ ತಿಂಗಳುಗಟ್ಟಲೆ ಒಳಗೇ ಅಡಗಿರಬಹುದು, ನಾಯಿ ಮಾತ್ರ ಚೆನ್ನಾಗಿ ತಿಂದುಕೊಂಡು ಓಡಾಡುತ್ತಿರುತ್ತದೆ. ಸೋಂಕು ಇದ್ದರೆ ಡಾಕ್ಸಿಸೈಕ್ಲಿನ್ ಎಂಬ ಔಷಧಿ ಸಾಮಾನ್ಯವಾಗಿ 28 ದಿನ ಕೊಡುತ್ತಾರೆ. ಗಬ್ಬ ನಿಂತ ಮೇಲೆ ಅದು ಮರಿಗಳ ಎಲುಬು, ಹಲ್ಲಿಗೆ ಒಳ್ಳೆಯದಲ್ಲ, ಅದಕ್ಕೇ ಮುಂಚೆ ಅಂದದ್ದು. ಆದರೆ ಸೋಂಕು ತಗುಲಿ ವಾರವಷ್ಟೇ ಆಗಿದ್ದರೆ ರಕ್ತದಲ್ಲಿ ಪ್ರತಿಕಾಯ ಹುಡುಕುವ ಕಿಟ್ ಪರೀಕ್ಷೆ ನೆಗೆಟಿವ್ ತೋರಿಸಬಹುದು. ಮೂರ್ನಾಲ್ಕು ವಾರ ಬಿಟ್ಟು ಮತ್ತೆ ಮಾಡಿಸಿ. ಹಿಂದೆ ವಾಸಿಯಾದ ನಾಯಿಗೂ ಪಾಸಿಟಿವ್ ಬರಬಹುದು, ಆಗ ಡಾಕ್ಟರ ಹತ್ತಿರ ರೋಗಾಣುವನ್ನೇ ಹುಡುಕುವ ಪಿಸಿಆರ್ ಪರೀಕ್ಷೆ ಕೇಳಿ. ಗಂಡು ನಾಯಿಗೆ ಬ್ರುಸೆಲ್ಲಾ (ಕ್ರಾಸ್ ಮಾಡುವಾಗ ಹರಡುವ ರೋಗಾಣು) ಪರೀಕ್ಷೆ ಆಗಿದೆ ಅಂದರೆ ಸುಮ್ನೆ ನಂಬಬೇಡಿ, ರಿಪೋರ್ಟ್ ನೋಡಿ.