ಹಿಂಬದಿ ಕ್ಯಾಲಿಪರ್ ಪಿಸ್ಟನ್ ಜಾಮ್ ಆದಾಗ

ಹಿಂದಿನ ಒಂದು ಚಕ್ರ ಮಾತ್ರ ವಿಪರೀತ ಕಾಯುತ್ತಿದ್ದರೆ ಕ್ಯಾಲಿಪರ್ (ಪಿಸ್ಟನ್‌ನಿಂದ ಬ್ರೇಕ್ ಪ್ಯಾಡ್‌ಗಳನ್ನು ಡಿಸ್ಕ್‌ಗೆ ಒತ್ತುವ ಭಾಗ) ಬಿಚ್ಚುವ ಆತುರ ಬೇಡ. ಮುಂದಿನ ಚಕ್ರಗಳಿಗೆ ಅಡ್ಡ ಕೊಟ್ಟು, ಕಾರನ್ನು ಸ್ಟ್ಯಾಂಡ್ ಮೇಲೆ ಕೂರಿಸಿ, ಹ್ಯಾಂಡ್‌ಬ್ರೇಕ್ ಪೂರ್ತಿ ಇಳಿಸಿ. ಕ್ಯಾಲಿಪರ್ ಮೇಲಿನ ಹ್ಯಾಂಡ್‌ಬ್ರೇಕ್ ಲಿವರ್ ತನ್ನ ಜಾಗಕ್ಕೆ ಮರಳದಿದ್ದರೆ ಕೇಬಲ್ಲನ್ನೋ ಲಿವರನ್ನೋ ನೋಡಿ. ಬ್ಲೀಡ್ ನಿಪ್ಪಲ್ (ಕ್ಯಾಲಿಪರ್‌ನಿಂದ ಗಾಳಿ, ಫ್ಲೂಯಿಡ್ ಹೊರಬಿಡುವ ಸ್ಕ್ರೂ) ಅರ್ಧ ಸುತ್ತು ಸಡಿಲಿಸಿದ ಕೂಡಲೇ ಚಕ್ರ ತಿರುಗಿದರೆ ಒತ್ತಡ ಒಳಗೇ ಸಿಕ್ಕಿಕೊಂಡಿದೆ. ಹೆಚ್ಚಾಗಿ ಒಳಗೆ ಊದಿಕೊಂಡ ಬ್ರೇಕ್ ಹೋಸ್ ಕಾರಣ. ಇವೆರಡೂ ಅಲ್ಲವೆಂದರೆ ಸ್ಲೈಡ್ ಪಿನ್ (ಕ್ಯಾಲಿಪರ್ ಅತ್ತಿತ್ತ ಜಾರುವ ಪಿನ್) ಅಥವಾ ಪಿಸ್ಟನ್ ಜಾಮ್ ಆಗಿದೆ.

ಕ್ಯಾಲಿಪರ್ ಕಳಚಿ ತಂತಿಯಿಂದ ತೂಗುಹಾಕಿ, ಹೋಸ್ ಮೇಲೆ ಭಾರ ಬೀಳಬಾರದು. ಪಿನ್‌ಗಳು ಕೈಯಲ್ಲೇ ಸಲೀಸಾಗಿ ಜಾರಬೇಕು.

ಹ್ಯಾಂಡ್‌ಬ್ರೇಕ್ ಕ್ಯಾಲಿಪರ್ ಒಳಗೇ ಇರುವ ಕಾರುಗಳಲ್ಲಿ ಪಿಸ್ಟನ್ ಸ್ಕ್ರೂ ಮೇಲೆ ಕೂತಿರುತ್ತದೆ. ಅದನ್ನು ಸಿ-ಕ್ಲ್ಯಾಂಪ್ ಹಾಕಿ ಒತ್ತಿದರೆ ಒಳಗಿನ ಅಡ್ಜಸ್ಟರ್ ಹಾಳು. ಜಾಮ್ ಆದ ಪಿಸ್ಟನ್ ಎಂದು ಬಿಸಾಡುವ ಎಷ್ಟೋ ಕ್ಯಾಲಿಪರ್‌ಗಳಿಗೆ ಇದೇ ಗತಿ. ವಿಂಡ್-ಬ್ಯಾಕ್ ಟೂಲ್‌ನಿಂದ ಒತ್ತುತ್ತಲೇ ತಿರುಗಿಸಬೇಕು, ಸಾಮಾನ್ಯವಾಗಿ ಬಲಕ್ಕೆ. ಕೆಲವು ಕಾರುಗಳಲ್ಲಿ ಒಂದು ಬದಿಯದು ಎಡಕ್ಕೆ. ಎಲೆಕ್ಟ್ರಿಕ್ ಪಾರ್ಕಿಂಗ್ ಬ್ರೇಕ್ ಇದ್ದರೆ ಮೊದಲು ಸರ್ವೀಸ್ ಮೋಡ್‌ಗೆ (ಬ್ರೇಕ್ ಮೋಟಾರನ್ನು ಹಿಂದಕ್ಕೆ ಸರಿಸುವ ಸ್ಥಿತಿಗೆ) ಹಾಕಿ.

ತಿರುಗಿಸಿದರೂ ಬಿಗಿಯೇ? ಉಲ್ಟಾ ತಿರುಗಿಸಿ ಹೊರತೆಗೆಯಿರಿ. ಪಿಸ್ಟನ್ ಸುತ್ತಲಿನ ಹರಿದ ಡಸ್ಟ್ ಬೂಟ್‌ನಿಂದ (ರಬ್ಬರ್ ಕವಚದಿಂದ) ನೀರು ಇಳಿದು ತುಕ್ಕು ಹಿಡಿದಿರುತ್ತದೆ. ಸೀಲ್ ಜಾರುವ ಮೈಯಲ್ಲಿ ಗುಂಡಿ ಬಿದ್ದಿದ್ದರೆ ಉಜ್ಜಿ ಉಪಯೋಗವಿಲ್ಲ, ಪಿಸ್ಟನ್ ಬದಲಿಸಿ. ಹೊಸ ಸೀಲ್‌ಗೆ ಬ್ರೇಕ್ ಫ್ಲೂಯಿಡ್ ಸವರಿ ಕೂರಿಸಿ. ಪೆಟ್ರೋಲಿಯಂ ಗ್ರೀಸ್ ತಾಗಿದರೆ ರಬ್ಬರ್ ಊದುತ್ತದೆ. ಪಿಸ್ಟನ್ ಮುಖದ ಕಚ್ಚು ಪ್ಯಾಡ್ ಹಿಂದಿನ ಗುಬುಟಿಗೆ ಹೊಂದಬೇಕು, ಇಲ್ಲವಾದರೆ ಪ್ಯಾಡ್ ಓರೆಯಾಗಿ ಸವೆಯುತ್ತದೆ.

ಬ್ರೇಕ್ ಫ್ಲೂಯಿಡ್ ಡಬ್ಬಿಯ ಕ್ಯಾಪ್ ಮೇಲೆ ಬರೆದಿರುವ ಡಾಟ್ (DOT) ದರ್ಜೆಯ ಫ್ಲೂಯಿಡ್ ತುಂಬಿ ಗಾಳಿ ತೆಗೆಯಿರಿ. ಪೆಡಲ್ ಗಟ್ಟಿಯಾದ ಮೇಲಷ್ಟೇ ಹ್ಯಾಂಡ್‌ಬ್ರೇಕ್ ಎಳೆಯಿರಿ.